ಧಾರವಾಡ: ಬೈಪಾಸಿನಿಂದ ಅಟ್ಟದವರೆಗೆ

ಬೆಳಗಿನ ಜಾವ ನಾಲ್ಕೂವರೆಗೆ ಕ್ಲೀನರ್ ಬಂದು ಸೀಟು ತಟ್ಟಿ "ಧಾರವಾಡ, ಧಾರವಾಡ" ಅಂದ. ಇಳಿದು ನೋಡಿದರೆ ಧಾರವಾಡವೇ ಇಲ್ಲ. ಹೈವೇ, ಕತ್ತಲೆ, ಜಿಟಿಜಿಟಿ ಮಳೆ, ಮುಚ್ಚಿದ ಒಂದು ಟೀ ಅಂಗಡಿ. ಟಿಕೆಟ್‌ನಲ್ಲಿ ಜುಬಿಲಿ ಸರ್ಕಲ್ ಅಂತ ಬರೆದಿತ್ತು. ಇಳಿಸಿದ್ದು ಬೈಪಾಸಿನಲ್ಲಿ. ನಾನು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಬೆಳಗಾವಿ ಕಡೆ ಹೊರಟೇ ಹೋಯಿತು. ಅರ್ಧ ಗಂಟೆ ನೆನೆದ ಮೇಲೆ ಸಿಕ್ಕ ಆಟೋದವನು ಮುನ್ನೂರು ರೂಪಾಯಿ ಕೇಳಿದ. ಕೊಟ್ಟೆವು, ಇನ್ನೇನು ಮಾಡೋದು?

ಆದ್ದರಿಂದ ಮೊದಲನೇ ಮಾತು: ಬೆಂಗಳೂರಿನಿಂದ ಹೋಗುವವರು ರಾಣಿ ಚೆನ್ನಮ್ಮ ರೈಲು ಹಿಡಿಯಿರಿ. ಬಸ್ಸೇ ಆಗಬೇಕು ಅಂದರೆ "ಊರೊಳಗೆ ಹೋಗುತ್ತಾ, ಬೈಪಾಸಾ?" ಅಂತ ಹತ್ತುವ ಮೊದಲೇ ಕೇಳಿ. ಹುಬ್ಬಳ್ಳಿಯಲ್ಲಿ ಇಳಿದುಬಿಟ್ಟರೂ ತೊಂದರೆಯಿಲ್ಲ. ಹಗಲು ಹೊತ್ತಿನಲ್ಲಿ ಅಲ್ಲಿಂದ ಧಾರವಾಡಕ್ಕೆ 'ಚಿಗರಿ' ಅನ್ನೋ ಸಿಟಿ ಬಸ್ಸು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತೆ.

ನಾನು ಹೋದದ್ದು ಕವಿಗಳ ಊರು ನೋಡೋಕೆ. ಜೊತೆಗೆ ಬಂದ ತಮ್ಮ ಪುಸ್ತಕ ಮುಟ್ಟುವವನಲ್ಲ, ಪೇಡಾಕ್ಕೆ ಬಂದವನು. ಧಾರವಾಡದಲ್ಲಿ ನಿಂತು ಕಲ್ಲು ಎಸೆದರೆ ಯಾವುದಾದರೂ ಕವಿಯ ಮನೆ ಮೇಲೆ ಬೀಳುತ್ತೆ ಅಂತ ಒಂದು ಮಾತಿದೆಯಲ್ಲ, ಅದನ್ನು ಕೇಳಿ ಅವನು "ಹಾಗಾದ್ರೆ ಹೆಂಚಿನ ವ್ಯಾಪಾರ ಚೆನ್ನಾಗಿರಬೇಕು" ಅಂದ.

ಸಾಧನಕೇರಿಗೆ ದೊಡ್ಡ ಸ್ಮಾರಕ ನೋಡುವ ಆಸೆ ಇಟ್ಟುಕೊಂಡು ಹೋಗಬೇಡಿ. ಬೇಂದ್ರೆಯವರ ಮನೆ 'ಶ್ರೀಮಾತಾ' ಜನ ಬಾಳುವ ಓಣಿಯಲ್ಲಿರುವ ಸಾಧಾರಣ ಮನೆ. ಪಕ್ಕದಲ್ಲಿ ಬೇಂದ್ರೆ ಭವನ, ಎದುರಿಗೆ ಕೆರೆ. ಭವನದಲ್ಲಿ ಫೋಟೋಗಳನ್ನು ನೋಡಲು ಅರ್ಧ ಗಂಟೆ ಸಾಕು. 1973ರ ಜ್ಞಾನಪೀಠ ಪಡೆದ ಕವಿಯ ಜಾಗ ಇಷ್ಟೇನಾ ಅನ್ನಿಸಿತು ಮೊದಲು. ಆಮೇಲೆ ಕೆರೆ ದಂಡೆಯ ಒಂದು ಕಲ್ಲಿನ ಮೇಲೆ ಬಂದು ಕೂತೆವು. ಶ್ರಾವಣ ಮಾಸ. ಮಳೆ ಬಂತು, ಹೋಯಿತು, ಬಿಸಿಲು ಬಂತು, ಮತ್ತೆ ಮಳೆ. ಒಂದು ಗಂಟೆಯಲ್ಲಿ ನಾಲ್ಕು ಸಲ ಕೊಡೆ ಬಿಚ್ಚಿ ಮಡಚಿದೆ. ಇವರನ್ನು ಶ್ರಾವಣದ ಕವಿ ಅಂತ ಯಾಕೆ ಕರೆಯುತ್ತಾರೆ ಅನ್ನೋದು ಭವನದೊಳಗಲ್ಲ, ಆ ಕಲ್ಲಿನ ಮೇಲೆ ಗೊತ್ತಾಯಿತು. ಹೋಗೋದಾದರೆ ಮಳೆಗಾಲದಲ್ಲೇ ಹೋಗಿ. ಚಪ್ಪಲಿ ಮಾತ್ರ ಹಳೆಯದು ಹಾಕಿಕೊಳ್ಳಿ, ಕೆಸರು ಜಾಸ್ತಿ.

ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಮನೆ 'ಮೃತ್ಯುಂಜಯ' ತಲುಪುವಾಗ ಕತ್ತಲಾಗುತ್ತಿತ್ತು. ಗೇಟಿನಿಂದಲೇ ನೋಡಿ ಬಂದೆವು. ತಪ್ಪು ನಮ್ಮದೇ. ನೀವು ಬೆಳಿಗ್ಗೆ ಹೋಗಿ.

ಭಾನುವಾರದ ಬಗ್ಗೆ ಬರೆಯೋಕೆ ಏನೂ ಇಲ್ಲ. ಸುಭಾಸ ರೋಡಿನಲ್ಲಿ ಅರ್ಧಕ್ಕರ್ಧ ಶಟರ್ ಎಳೆದಿತ್ತು, ನಾವು ಲಾಡ್ಜಿನಲ್ಲಿ ನಿದ್ದೆ ಮಾಡಿದೆವು. ಆ ಲಾಡ್ಜಿಗೆ ಸಾವಿರದ ಎಂಟುನೂರು ರೂಪಾಯಿ. ಗೋಡೆ ತೇವ, ಬಿಸಿನೀರು ಏಳರಿಂದ ಎಂಟರವರೆಗೆ ಮಾತ್ರ. ಸ್ಟೇಷನ್ ಹತ್ತಿರ ಸಿಕ್ಕ ಮೊದಲ ರೂಮನ್ನೇ ಹಿಡಿಯಬೇಡಿ.

ಸೋಮವಾರ ಅಟ್ಟ ಹುಡುಕಿದೆವು. ಅಟ್ಟ ಅಂದರೆ ಮನೋಹರ ಗ್ರಂಥಮಾಲೆ ಅನ್ನೋ ಪುಸ್ತಕ ಪ್ರಕಾಶನದ ಕಚೇರಿ. 1933ರಲ್ಲಿ ಜಿ.ಬಿ. ಜೋಶಿಯವರು ಶುರು ಮಾಡಿದ್ದು. ಗಿರೀಶ ಕಾರ್ನಾಡರ ಮೊದಲ ನಾಟಕ 1961ರಲ್ಲಿ ಹೊರಬಂದದ್ದು ಇಲ್ಲಿಂದಲೇ. ಇಷ್ಟು ಹೆಸರಾದ ಜಾಗದ ಮುಂದೆ ಎರಡು ಸಲ ದಾಟಿ ಹೋದರೂ ನಮಗೆ ಕಾಣಲಿಲ್ಲ. ಕೊನೆಗೆ ಬಟ್ಟೆ ಅಂಗಡಿಯವರನ್ನು ಕೇಳಿದೆ. "ಅಟ್ಟ ಏನ್ರಿ ಅಕ್ಕಾರ? ಕೆಳಗ ಹುಡುಕಿದ್ರ ಹ್ಯಾಂಗ ಸಿಗತೈತ್ರಿ, ಮ್ಯಾಲೆ ನೋಡ್ರಿ" ಅಂದರು.

ಕಿರಿದಾದ ಮೆಟ್ಟಿಲು ಹತ್ತಿ ಹೋದರೆ ಪುಸ್ತಕ, ಹಳೆ ಕಾಗದದ ವಾಸನೆ, ಕೆಳಗಿನ ರಸ್ತೆಯ ಹಾರ್ನ್. ವಿಮರ್ಶಕ ಕುರ್ತಕೋಟಿ, ಕಾರ್ನಾಡ, ಕವಿ ಎ.ಕೆ. ರಾಮಾನುಜನ್ ಇವರೆಲ್ಲ ಬಂದು ಹರಟಿದ ಜಾಗ ಇದು. ಟಿಕೆಟ್ ಇಲ್ಲ, ಗೈಡ್ ಇಲ್ಲ, ಸೆಲ್ಫಿ ತೆಗೆಯುವವರೂ ಇಲ್ಲ. ನನಗೆ ಗದ್ದಲ ಕಂಡರೆ ಆಗದು, ಹಾಗಾಗಿ ಇಡೀ ಪ್ರವಾಸದಲ್ಲಿ ನನಗೆ ಹಿಡಿಸಿದ್ದು ಇದೇ. ಆದರೆ ಅವರು ಕೆಲಸ ಮಾಡುವ ಜಾಗ ಅದು, ಸುಮ್ನೆ ಇಣುಕಿ ಬರೋದು ಚೆನ್ನಾಗಿರಲ್ಲ. ಎರಡು ಪುಸ್ತಕ ಕೊಳ್ಳಿ.

ಕೆಳಗಿಳಿದಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಅದೇ ಅಂಗಡಿಯವರು ಹಿಂದಿನ ಗಲ್ಲಿಯ ಒಂದು ಖಾನಾವಳಿ ತೋರಿಸಿದರು. ಬೋರ್ಡೇ ಇಲ್ಲ. ರೊಟ್ಟಿ ಬಡಿಯುವ ಸದ್ದು ಕೇಳಿಕೊಂಡು ಹೋಗಬೇಕು. ಆರು ಟೇಬಲ್. ತಟ್ಟೆಗೆ ಮೊದಲು ಶೇಂಗಾ ಹಿಂಡಿ, ಅದರ ನಡುವೆ ಬೆರಳಿನಿಂದ ಒಂದು ಗುಳಿ ಮಾಡಿ ಎಣ್ಣೆ. ಪಕ್ಕದಲ್ಲಿ ಗಟ್ಟಿ ಮೊಸರು, ಸೀಳಿದ ಉಳ್ಳಾಗಡ್ಡಿ, ಹಸಿ ಮೆಂತೆ ಸೊಪ್ಪು. ಆಮೇಲೆ ಎಣಗಾಯಿ. ಬದನೆಕಾಯಿ ತೊಟ್ಟು ಹಿಡಿದು ಎತ್ತಿದರೆ ಮಸಾಲೆ ಅಲ್ಲೇ ಉಳಿದು ತೊಟ್ಟು ಮಾತ್ರ ಕೈಗೆ ಬಂತು, ಅಷ್ಟು ಮೆತ್ತಗೆ. ಜೋಳದ ರೊಟ್ಟಿ ಹಂಚಿನಿಂದ ನೇರ ತಟ್ಟೆಗೆ, ಉಬ್ಬು ಇಳಿಯುವ ಮೊದಲೇ. ಬಡಿಸುವ ಅಜ್ಜಿ "ಇನ್ನೊಂದು ಹಾಕ್ಲೇನೋ ತಮ್ಮಾ?" ಅಂತ ಕೇಳುವಾಗಲೇ ಹಾಕಿರುತ್ತಾರೆ. ತಮ್ಮ ಐದು ತಿಂದ. ಆರನೆಯದಕ್ಕೆ "ಬ್ಯಾಡ್ರಿ" ಅಂತ ಅವರದೇ ಮಾತಿನಲ್ಲಿ ಕೈಮುಗಿದ. ಊಟಕ್ಕೆ ತೊಂಬತ್ತು ರೂಪಾಯಿ. ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಿ, ತಡವಾದರೆ ಎಣಗಾಯಿ ಮುಗಿದಿರುತ್ತೆ.

ಸಂಜೆ ಬಿಡುವಿದ್ದರೆ ಕರ್ನಾಟಕ ವಿದ್ಯಾವರ್ಧಕ ಸಂಘದ ಕಡೆ ಹೋಗಿ ನೋಡಿ. 1890ರ ಸಂಸ್ಥೆ. ನಾವು ಹೋದಾಗ ಯಾವುದೋ ಪುಸ್ತಕದ ಮೇಲೆ ಮಾತು ನಡೆದಿತ್ತು. ಹಿಂದಿನ ಸಾಲಿನಲ್ಲಿ ಕೂತೆವು, ಯಾರು ನೀವು ಅಂತ ಯಾರೂ ಕೇಳಲಿಲ್ಲ. ಚಹಾ ಮಾತ್ರ ಬಂತು.

ಪೇಡಾಕ್ಕೆ ಲೈನ್ ಬಜಾರಿಗೆ ಬೆಳಿಗ್ಗೆಯೇ ಹೋಗಬೇಕು. ನೂಕಾಟ ಇದೆ, ನಾನು ರಸ್ತೆಯ ಆಚೆ ನಿಂತು ತಮ್ಮನನ್ನು ಕಳಿಸಿದೆ. ಊರಿಗೆ ಎಷ್ಟು ಬೇಕೋ ಅದಕ್ಕಿಂತ ಒಂದು ಡಬ್ಬಿ ಜಾಸ್ತಿನೇ ತನ್ನಿ. ನಮ್ಮ ಒಂದು ಡಬ್ಬಿ ರೈಲು ಹಾವೇರಿ ದಾಟುವ ಮೊದಲೇ ಖಾಲಿಯಾಗಿತ್ತು.