ಊರು ಕೆಳಗೆ, ಸ್ಟೇಷನ್ ಮೇಲೆ

ಇಂಗ್ಲೆಂಡಿನಲ್ಲಿ ಲೀಡ್ಸ್‌ನಿಂದ ಕಾರ್ಲೈಲ್ ಕಡೆ ಹೋಗುವ ರೈಲು ಬ್ಲೀ ಮೂರ್ ಸುರಂಗ ದಾಟಿತು. ಆಮೇಲೆ ಎರಡು ಎತ್ತರದ ಕಲ್ಲು ಸೇತುವೆ. ಅದಾದ ಮೇಲೆ ಡೆಂಟ್ ಸ್ಟೇಷನ್. ಇಳಿದು ನೋಡಿದರೆ ಊರೇ ಕಾಣಲಿಲ್ಲ. ಸುತ್ತ ಬೋಳು ಗುಡ್ಡ, ಕುರಿಗಳು, ಜೋರು ಗಾಳಿ.

ಡೆಂಟ್ ಹಳ್ಳಿ ಇರುವುದು ಕೆಳಗಿನ ಕಣಿವೆಯಲ್ಲಿ. ಸುಮಾರು 7 ಕಿ.ಮೀ. ದೂರ, 600 ಅಡಿಯಷ್ಟು ಇಳಿಜಾರು. ಸುಬ್ರಹ್ಮಣ್ಯ ರೋಡ್‌ನಲ್ಲಿ ಇಳಿದ ಮೇಲೂ ಕುಕ್ಕೆ ಇನ್ನೂ ದೂರ ಇರುತ್ತದಲ್ವಾ, ಹಾಗೆ.

ಈ ಹಳಿ ಹಾಕಿದ್ದು ಹಳ್ಳಿಯವರಿಗಾಗಿ ಅಲ್ಲ. ಮಿಡ್‌ಲ್ಯಾಂಡ್ ರೈಲ್ವೆ ಕಂಪನಿಗೆ ಸ್ಕಾಟ್ಲೆಂಡಿಗೆ ಹೋಗಲು ತನ್ನದೇ ದಾರಿ ಬೇಕಿತ್ತು. ಉಗಿಬಂಡಿ ವೇಗವಾಗಿ ಓಡಬೇಕೆಂದರೆ ಏರು ಕಡಿಮೆ ಇರಬೇಕು. 100 ಅಡಿಗೆ 1 ಅಡಿಗಿಂತ ಹೆಚ್ಚು ಏರಬಾರದು ಎಂದು ಲೆಕ್ಕ ಹಾಕಿದರು. ಕಣಿವೆಗೆ ಇಳಿಸಿದರೆ ಮತ್ತೆ ಹತ್ತಿಸಬೇಕು. ಅದಕ್ಕೇ ಗುಡ್ಡದ ಪಕ್ಕೆಯಲ್ಲೇ ಹಳಿ ಸಾಗಿತು. 1876ರಲ್ಲಿ ಪ್ರಯಾಣಿಕರ ರೈಲು ಶುರುವಾಯಿತು, ಮರುವರ್ಷ ಈ ಸ್ಟೇಷನ್ ತೆರೆಯಿತು. ಎತ್ತರ 1,150 ಅಡಿ. ಇಂಗ್ಲೆಂಡಿನ ಮುಖ್ಯ ರೈಲು ದಾರಿಗಳಲ್ಲಿ ಇದಕ್ಕಿಂತ ಎತ್ತರದ ಸ್ಟೇಷನ್ ಇಲ್ಲ.

ಸ್ಟೇಷನ್ ಚಿಕ್ಕದು. ಜೋಡಿ ಹಳಿ, ಎರಡು ಪ್ಲಾಟ್‌ಫಾರ್ಮ್, ಕಲ್ಲಿನ ಕಟ್ಟಡ. ಆ ಕಟ್ಟಡ ಈಗ ಪ್ರವಾಸಿಗರು ಉಳಿಯುವ ಮನೆ. ನನ್ನ ಕಣ್ಣು ಮಾತ್ರ ಹೋಗಿದ್ದು ಮೇಲಿನ ಗುಡ್ಡಕ್ಕೆ. ಅಲ್ಲಿ ಹಳಿಯ ಕೆಳಗೆ ಅಡ್ಡ ಹಾಕುವ ಮರದ ದಿಮ್ಮಿಗಳನ್ನು, ಅಂದರೆ ಹಳೆಯ ಸ್ಲೀಪರ್‌ಗಳನ್ನು, ಸಾಲಾಗಿ ನೆಟ್ಟಗೆ ಹೂಳಿದ್ದಾರೆ. ಗಾಳಿಗೆ ಹಾರಿಬರುವ ಹಿಮ ಹಳಿಯ ಮೇಲೆ ರಾಶಿ ಬೀಳದಿರಲಿ ಅಂತ ಹಾಕಿದ ಬೇಲಿ ಅದು. ಈಗ ಅಲ್ಲಲ್ಲಿ ಲಡ್ಡಾಗಿದೆ, ವಾಲಿದೆ. ಈ ಬೇಲಿಯೂ ಎಲ್ಲ ಸಲ ಸಾಕಾಗಲಿಲ್ಲ. 1947ರ ಚಳಿಗಾಲದಲ್ಲಿ ಹಿಮ ಬಿದ್ದು ಈ ದಾರಿ ವಾರಗಟ್ಟಲೆ ಮುಚ್ಚಿಹೋಗಿತ್ತು. ಸಲಿಕೆ ಹಿಡಿದು ಹಿಮ ತೋಡಿದವರ ಕೈಗಳನ್ನು ನೆನೆದರೆ ಈಗಲೂ ಮನಸ್ಸು ತುಂಬಿಬರುತ್ತದೆ.

1970ರಲ್ಲಿ ಈ ಸ್ಟೇಷನ್ ಮುಚ್ಚಿತು. 1986ರಲ್ಲಿ ಮತ್ತೆ ತೆರೆಯಿತು. ಆ ಹೊತ್ತಿಗೆ ಇಡೀ ದಾರಿಯನ್ನೇ ನಿಲ್ಲಿಸುವ ಮಾತು ನಡೆದಿತ್ತು. ಸಾವಿರಾರು ಜನ ಪತ್ರ ಬರೆದರು, ಸಹಿ ಹಾಕಿದರು. ಒಂದು ನಾಯಿಯ ಪಂಜದ ಗುರುತೂ ಆ ಅರ್ಜಿಗಳಲ್ಲಿ ಸೇರಿತ್ತು. ಅದೂ ರೈಲಿನ ಪ್ರಯಾಣಿಕನೇ ತಾನೆ! 1989ರಲ್ಲಿ ಸರ್ಕಾರ ದಾರಿ ಉಳಿಸಿತು.

ನಾನು ಕಡಿದಾದ ಕೋಲ್ ರೋಡ್‌ನಲ್ಲಿ ನಡೆದೇ ಇಳಿದೆ. ಹಿಂದೆ ಈ ಗುಡ್ಡದಲ್ಲಿ ಕಲ್ಲಿದ್ದಲು ತೆಗೆಯುತ್ತಿದ್ದರು, ಹೆಸರು ಅದರದ್ದೇ. ಸಂಜೆ ಅದೇ ಏರು ಹತ್ತಿ ಬಂದಾಗ ಪ್ಲಾಟ್‌ಫಾರ್ಮ್‌ನಲ್ಲಿ ಇನ್ನೂ ನಾಲ್ಕು ಜನ ರೈಲಿಗೆ ಕಾಯುತ್ತಿದ್ದರು.