ಮ್ಯಾವರಿಕ್ ಅಂದ್ರೆ ಬೀಡಾಡಿ ದನವಾ?

ಕಳೆದ ವಾರ ಆಫೀಸಿನಲ್ಲಿ ವರ್ಷದ ರಿವ್ಯೂ ಕೈಗೆ ಬಂತು. ನಾನು ಟೀಮಿನ 'ಮ್ಯಾವರಿಕ್' ಅಂತ ಮ್ಯಾನೇಜರ್ ಬರೆದಿದ್ದರು. ಹೊಗಳಿದ್ದಾ, ಬೈದದ್ದಾ? ಇನ್‌ಕ್ರಿಮೆಂಟ್ ನೋಡಿದರೂ ಗೊತ್ತಾಗಲಿಲ್ಲ.

ಮನೆಗೆ ಬಂದು ಹುಡುಕಿದರೆ ಅದು ಒಬ್ಬ ಮನುಷ್ಯನ ಹೆಸರು ಮಾರಾಯ್ರೆ! ಸ್ಯಾಮುವೆಲ್ ಮ್ಯಾವರಿಕ್, 1803ರಲ್ಲಿ ಹುಟ್ಟಿದವನು, ಟೆಕ್ಸಾಸಿನಲ್ಲಿ ವಕೀಲ. ಸಾಲ ತೀರಿಸಲಿಕ್ಕೆ ದುಡ್ಡಿಲ್ಲದ ಯಾರೋ ಇವನಿಗೆ ಸುಮಾರು 400 ದನ ಕೊಟ್ಟರು. ಇವನಿಗೋ ಜಾಗದ ಹುಚ್ಚು, ದನದ ಮೇಲೆ ಮನಸ್ಸೇ ಇಲ್ಲ. ಅಲ್ಲಿ ಬೇಲಿ ಇಲ್ಲದ ಬಯಲು, ಎಲ್ಲರ ದನವೂ ಒಟ್ಟಿಗೆ ಮೇಯುವುದು, ಹಾಗಾಗಿ ಕಬ್ಬಿಣ ಕಾಯಿಸಿ ಕರುವಿನ ಮೈಗೆ ಒಡೆಯನ ಗುರುತಿನ ಬರೆ ಹಾಕುವುದು ರೂಢಿ. ಇವನ ಕರುಗಳಿಗೆ ಬರೆ ಬೀಳಲೇ ಇಲ್ಲ. ಗುರುತಿಲ್ಲದ ಕರು ಕಂಡರೆ 'ಓ, ಅದು ಮ್ಯಾವರಿಕನದ್ದು' ಅನ್ನುವುದು ಶುರುವಾಯಿತು. ಗುರುತಿಲ್ಲದ್ದೆಲ್ಲ ತನ್ನದು ಅನ್ನಲಿಕ್ಕೆ ಮಾಡಿದ ಉಪಾಯ ಅಂತ ಆಡಿಕೊಂಡವರೂ ಇದ್ದರಂತೆ. ನನಗೇನೋ ಬರೀ ಉದಾಸೀನ ಅಂತಲೇ ಕಾಣುತ್ತದೆ. ಆಮೇಲೆ ಪದ ದನದಿಂದ ಮನುಷ್ಯರಿಗೆ ದಾಟಿತು: ಯಾರ ಗುಂಪಿನ ಮುದ್ರೆಯೂ ಇಲ್ಲದೆ ತನ್ನ ದಾರಿಯಲ್ಲಿ ಹೋಗುವವನು.

ಅಮ್ಮನಿಗೆ ಇಷ್ಟೆಲ್ಲ ವಿವರಿಸಿದೆ. "ಅಂದ್ರೆ ನಿನ್ನನ್ನು ಬೀಡಾಡಿ ದನ ಅಂತ ಬರೆದದ್ದಾ?" ಅಂತ ಕೇಳಿದಳು.

ಅಲ್ವಾ ಮತ್ತೆ! ಅದೇ ದನ, ಇಂಗ್ಲಿಷಿನಲ್ಲಿ ಹೊಗಳಿಕೆ, ನಮ್ಮಲ್ಲಿ ಬೈಗುಳ. ಇಂಗ್ಲಿಷಿನಲ್ಲೂ ಪೂರ್ತಿ ಹೊಗಳಿಕೆ ಏನಲ್ಲ, 'ಒಳ್ಳೆಯವನೇ, ಆದ್ರೆ ಹೇಳಿದ್ದು ಕೇಳುವವನಲ್ಲ' ಅನ್ನುವ ಸಣ್ಣ ಕೊಂಕು ಅದರೊಳಗೆ ಉಂಟು. ರೆಬೆಲ್ ಬೇರೆ. ರೆಬೆಲ್ ಆದವನು ಎದುರು ನಿಂತು ಜಗಳಕ್ಕೆ ಬರುತ್ತಾನೆ, ನಾಲ್ಕು ಜನ ಸೇರಿಸುತ್ತಾನೆ. ಮ್ಯಾವರಿಕ್‌ಗೆ ಜಗಳವೂ ಬೇಡ, ಜನವೂ ಬೇಡ. ಇನ್ನೊಂದು, ಇದನ್ನು ಬೇರೆಯವರು ಹೇಳಬೇಕು. 2008ರ ಅಮೆರಿಕದ ಚುನಾವಣೆಯಲ್ಲಿ ಜಾನ್ ಮೆಕೇನ್ ಕಡೆಯವರು ನಾವು ಮ್ಯಾವರಿಕ್ ಅಂತ ಹೇಳಿಕೊಂಡೇ ಓಟು ಕೇಳಿದ್ದರು. ಮ್ಯಾವರಿಕ್ ಮನೆತನದವರಿಗೇ ಅದು ಸರಿ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಕಲ್ಸಂಕದಲ್ಲಿ ರಸ್ತೆ ನಡುವೆ ಒಂದು ಬಿಳಿ ದನ ಮಲಗಿತ್ತು. ಹಿಂದೆ ಸಿಟಿ ಬಸ್ಸು, ಹಾರ್ನ್ ಮೇಲೆ ಹಾರ್ನ್. ಅದು ಸುಮ್ನೆ ಮೆಲುಕು ಹಾಕುತ್ತಾ ಇತ್ತು. ಆಹಾ, ಇದಪ್ಪಾ ಮ್ಯಾವರಿಕ್ ಅಂತ ಸ್ಕೂಟರ್ ನಿಲ್ಲಿಸಿ ನೋಡಿದೆ. ಕಿವಿಯಲ್ಲಿ ಹಳದಿ ಟ್ಯಾಗ್, ಅದರ ಮೇಲೆ 12 ಅಂಕಿ. ಸರಕಾರದ ಲೆಕ್ಕದಲ್ಲಿ ಅದಕ್ಕೆ ಒಡೆಯರುಂಟು.

ನನ್ನ ಕುತ್ತಿಗೆಯಲ್ಲೂ ಆಫೀಸಿನ ಟ್ಯಾಗ್ ಇತ್ತು.