ಗೆಟ್ಟಿಸ್‌ಬರ್ಗ್ ಯುದ್ಧವನ್ನು ಮೇಜಿನ ಮೇಲೆ ಆಡೋದಕ್ಕೆ ಎಲ್ಲಿಂದ ಶುರು ಮಾಡಬೇಕು?

ಯಾರು ಗೆದ್ದರು ಅಂತ ಎಲ್ಲರಿಗೂ ಗೊತ್ತಿರುವ ಯುದ್ಧವನ್ನು ಮತ್ತೆ ಆಡುವುದರಲ್ಲಿ ಏನಿದೆ? ಆಡಲೇಬೇಕು ಅಂದರೆ ಅದಕ್ಕೆ ತಯಾರಿ ಹೇಗೆ? ಅಮೆರಿಕದ ಅಂತರ್ಯುದ್ಧದ ಪುಟ್ಟ ಸೈನಿಕರನ್ನು ಮೇಜಿನ ಮೇಲೆ ಜೋಡಿಸಿ, ಅಳತೆ ಟೇಪು ಹಿಡಿದು, ದಾಳ ಹಾಕಿ ಆಡುವವನು ನಾನು. ಈ ವಿಷಯ ಗೊತ್ತಾದವರೆಲ್ಲ ಕೇಳುವುದು ಈ ಎರಡು ಪ್ರಶ್ನೆಗಳನ್ನೇ. ಎರಡಕ್ಕೂ ನನ್ನ ಉತ್ತರ ಒಂದೇ. ಅವತ್ತಿನ ಸೇನಾಪತಿಗೆ ಏನೇನು ಗೊತ್ತಿರಲಿಲ್ಲವೋ ಅದನ್ನು ಮೊದಲು ಬರೆದುಕೊಳ್ಳಿ. ಬೊಂಬೆ, ಬಣ್ಣ, ನಿಯಮ ಎಲ್ಲ ಆಮೇಲೆ.

ಗೆಟ್ಟಿಸ್‌ಬರ್ಗ್ ಯುದ್ಧ ನಡೆದದ್ದು 1863ರ ಜುಲೈ 1ರಿಂದ 3ರವರೆಗೆ, ಪೆನ್ಸಿಲ್ವೇನಿಯಾದಲ್ಲಿ. ಉತ್ತರದ ಒಕ್ಕೂಟ ಸೇನೆ ಒಂದು ಕಡೆ, ಒಕ್ಕೂಟ ಬಿಟ್ಟುಹೋದ ದಕ್ಷಿಣದವರ ಸೇನೆ ಇನ್ನೊಂದು ಕಡೆ, ಎರಡೂ ಸೇರಿ ಒಂದೂವರೆ ಲಕ್ಷಕ್ಕೂ ಜಾಸ್ತಿ ಜನ ಇದ್ದರು. ಹೊಸಬರು ಆಸೆ ಪಡುವುದು ಮೂರನೇ ದಿನ ದಕ್ಷಿಣದವರು ಮಾಡಿದ ಪಿಕೆಟ್ ದಾಳಿಯನ್ನು. ದಯವಿಟ್ಟು ಅದರಿಂದ ಶುರು ಮಾಡಬೇಡಿ. ಮುಕ್ಕಾಲು ಮೈಲಿ ಬಯಲಿನಲ್ಲಿ ಫಿರಂಗಿಗಳ ಎದುರಿಗೆ ನಡೆದು ಹೋಗುವುದು ಬಿಟ್ಟರೆ ಅಲ್ಲಿ ಆಟಗಾರ ತೀರ್ಮಾನ ಮಾಡುವಂಥದ್ದು ಏನೂ ಉಳಿದಿರುವುದಿಲ್ಲ. ನಾನು ಹೇಳುವುದು ಮೊದಲ ದಿನದ ಬೆಳಗ್ಗೆಯ ಕಾಳಗ.

ಆ ಬೆಳಗ್ಗೆ ಏನಾಯಿತು ಅಂತ ಚಿಕ್ಕದಾಗಿ ಹೇಳುತ್ತೇನೆ. ಊರಿನ ಪಶ್ಚಿಮಕ್ಕೆ ಒಕ್ಕೂಟ ಸೇನೆಯ ಜಾನ್ ಬ್ಯೂಫರ್ಡ್ ಎರಡು ಬ್ರಿಗೇಡ್ ಕುದುರೆ ಸವಾರರನ್ನು ಇಟ್ಟುಕೊಂಡು ನಿಂತಿದ್ದ. ಮೂರು ಸಾವಿರಕ್ಕಿಂತ ಸ್ವಲ್ಪ ಕಡಿಮೆ ಜನ, ಆರು ಫಿರಂಗಿ, ಅಷ್ಟೇ. ಚೇಂಬರ್ಸ್‌ಬರ್ಗ್ ರಸ್ತೆಯಲ್ಲಿ ದಕ್ಷಿಣದವರ ಹೆನ್ರಿ ಹೆತ್ ಏಳು ಸಾವಿರಕ್ಕೂ ಜಾಸ್ತಿ ಕಾಲಾಳುಗಳ ಜೊತೆ ಬರುತ್ತಿದ್ದ. ಹಿಂದಿನ ದಿನ ಅವನದೇ ಒಂದು ಬ್ರಿಗೇಡ್ ಊರಿನ ಹತ್ತಿರ ಬಂದು, ಕುದುರೆ ಸವಾರರನ್ನು ನೋಡಿ ವಾಪಸ್ ಹೋಗಿತ್ತು. ಆದರೂ ಅಲ್ಲಿರುವುದು ಸ್ಥಳೀಯ ಕಾವಲು ಪಡೆಯೋ ಸಣ್ಣ ತುಕಡಿಯೋ ಇರಬೇಕು ಅಂತಲೇ ಹೆತ್ ಮತ್ತು ಅವನ ಮೇಲಧಿಕಾರಿ ಎ. ಪಿ. ಹಿಲ್ ನಂಬಿದ್ದರು. ಇಡೀ ಸೇನೆ ಒಂದು ಕಡೆ ಸೇರುವವರೆಗೆ ದೊಡ್ಡ ಯುದ್ಧಕ್ಕೆ ಕೈ ಹಾಕಬೇಡಿ ಅಂತ ಅವರ ಸೇನಾಪತಿ ಲೀ ಹೇಳಿದ್ದ. ಲೀಗೆ ಬೇಹು ನೋಡಬೇಕಾದ ಸ್ಟುವರ್ಟ್ ತನ್ನ ಕುದುರೆ ಸವಾರರ ಜೊತೆ ದೂರ ಎಲ್ಲೋ ಇದ್ದ. ಇತ್ತ ಬ್ಯೂಫರ್ಡ್‌ಗೆ ಒಕ್ಕೂಟದ ಇನ್ನೊಬ್ಬ ಸೇನಾಧಿಕಾರಿ ರೇನಾಲ್ಡ್ಸ್‌ನ ಕಾಲಾಳುಗಳು ಬರುತ್ತಾರೆ ಅಂತ ಗೊತ್ತಿತ್ತು, ಯಾವ ಗಳಿಗೆಯಲ್ಲಿ ಅಂತ ಗೊತ್ತಿರಲಿಲ್ಲ.

ಇಷ್ಟರಲ್ಲೇ ಆಟ ಮುಕ್ಕಾಲು ಸಿದ್ಧ ಆಯಿತು ಅನ್ನುವುದು ನನ್ನ ನಂಬಿಕೆ. ಯಾಕಂದರೆ ಬ್ಯೂಫರ್ಡ್ ಗೆಲ್ಲಬೇಕಾಗಿಯೇ ಇಲ್ಲ. ಸ್ವಲ್ಪ ಸ್ವಲ್ಪವೇ ಹಿಂದೆ ಸರಿಯುತ್ತಾ ಹೊತ್ತು ಕಳೆದರೆ ಸಾಕು. ಹಾಗಾಗಿ ಅಂಕ ಕೊಡುವುದು ಎಷ್ಟು ಜನರನ್ನು ಉರುಳಿಸಿದರು ಅನ್ನುವುದಕ್ಕಲ್ಲ. ರೇನಾಲ್ಡ್ಸ್‌ನ ಕಾಲಾಳುಗಳು ಬಂದಾಗ ಊರಿನ ಪಶ್ಚಿಮದ ಮ್ಯಾಕ್‌ಫರ್ಸನ್ ದಿಣ್ಣೆ ಯಾರ ಕೈಯಲ್ಲಿದೆ, ಮಧ್ಯಾಹ್ನದ ಹೊತ್ತಿಗೆ ಯಾರ ಕೈಯಲ್ಲಿದೆ, ಇವೆರಡಕ್ಕೇ ಜಾಸ್ತಿ ಅಂಕ. ಹೆತ್ ಕಡೆಯವನಿಗೆ ಇನ್ನೊಂದು ಕಟ್ಟು. ಅವನ ಯಾವುದೇ ಬ್ರಿಗೇಡ್ ಮೂರನೇ ಒಂದು ಭಾಗ ಜನರನ್ನು ಕಳೆದುಕೊಂಡರೆ ಅಂಕ ಕಡಿತ. ಲೀ ಹೇಳಿದ ಮಾತು ಈ ಒಂದು ನಿಯಮದಿಂದ ಮೇಜಿನ ಮೇಲೆ ಬರುತ್ತದೆ. ಇದಿಲ್ಲದಿದ್ದರೆ ಹೆತ್ ಆಡುವವನು ಎಲ್ಲರನ್ನೂ ಒಟ್ಟಿಗೆ ಮುಂದೆ ನುಗ್ಗಿಸಿಬಿಡುತ್ತಾನೆ. ಅವತ್ತಿನ ಹಿಂಜರಿಕೆ ಇಲ್ಲದೆ ಅದು ಗೆಟ್ಟಿಸ್‌ಬರ್ಗ್ ಆಗುವುದಿಲ್ಲ.

ಇನ್ನು ಅಳತೆ. ಆರಡಿ ಉದ್ದ, ನಾಲ್ಕಡಿ ಅಗಲದ ಮೇಜು ಸಾಕು. ಒಂದು ಇಂಚಿಗೆ 50 ಗಜ ಅಂತ ಇಟ್ಟುಕೊಂಡರೆ ಉದ್ದ 3,600 ಗಜ, ಅಂದರೆ ಎರಡು ಮೈಲಿಗೆ ಸ್ವಲ್ಪ ಜಾಸ್ತಿ. ಪಶ್ಚಿಮದ ತುದಿಯಲ್ಲಿ ಹರ್ ದಿಣ್ಣೆ, ಆಮೇಲೆ ವಿಲ್ಲೋಬಿ ಹಳ್ಳ, ಅದನ್ನು ದಾಟಿದರೆ ಮ್ಯಾಕ್‌ಫರ್ಸನ್ ದಿಣ್ಣೆ ಮತ್ತು ಅವರ ಕೊಟ್ಟಿಗೆ (ಆ ಕೊಟ್ಟಿಗೆ ಇವತ್ತಿಗೂ ಅಲ್ಲೇ ಇದೆ), ಅದರ ಪಕ್ಕ ಹರ್ಬ್ಸ್ಟ್ ತೋಪು, ಇನ್ನೂ ಪೂರ್ವಕ್ಕೆ ಲೂಥರನ್ ಸೆಮಿನರಿ (ಪಾದ್ರಿಗಳ ಶಾಲೆ) ಇರುವ ದಿಣ್ಣೆ, ಕೊನೆಗೆ ಊರು. ಎಲ್ಲವೂ ಕೂರುತ್ತವೆ. ದಿಣ್ಣೆಗಳನ್ನು ಎತ್ತರ ಮಾಡಬೇಡಿ. ನಿಜವಾದ ಜಾಗದಲ್ಲಿ ಅವು ಹೊಲದ ನಡುವಿನ ಮೆತ್ತನೆಯ ಏರುಗಳು. ತೆಳುವಾದ ಥರ್ಮಾಕೋಲ್ ಹಾಳೆಯನ್ನು ಹಸಿರು ಬಟ್ಟೆಯ ಕೆಳಗೆ ಜಾರಿಸಿದರೆ ಆಯಿತು. ಹಿಂದೆ ನಿಂತವರು ಕಾಣಬಾರದು, ಅಷ್ಟು ಮುಖ್ಯ.

ಜನರ ಲೆಕ್ಕ ನನಗೆ ತುಂಬಾ ಇಷ್ಟವಾದ ಭಾಗ. ಬೊಂಬೆಗಳನ್ನು ಅಂಟಿಸಿದ ಒಂದು ಬೇಸ್ ಅಂದರೆ ನೂರು ಜನ ಅಂದುಕೊಳ್ಳಿ. ಹೆತ್‌ನ ಆರ್ಚರ್ ಬ್ರಿಗೇಡ್ ಸುಮಾರು 1,200 ಜನ, 12 ಬೇಸ್. ಅವನದೇ ಡೇವಿಸ್ ಬ್ರಿಗೇಡ್ ಸುಮಾರು 2,300, 23 ಬೇಸ್. ರೇನಾಲ್ಡ್ಸ್ ಜೊತೆ ಬರುವ ಐರನ್ ಬ್ರಿಗೇಡ್‌ಗೆ 18, ಕಟ್ಲರ್ ಬ್ರಿಗೇಡ್‌ಗೆ 20. ಬ್ಯೂಫರ್ಡ್‌ನ ಗ್ಯಾಂಬಲ್ ಬ್ರಿಗೇಡ್‌ಗೆ ಸುಮಾರು 1,600 ಜನ, ಆದರೆ 16 ಬೇಸ್ ಇಡಬೇಡಿ! ಕುದುರೆಯಿಂದ ಇಳಿದು ಕಾದಾಡುವಾಗ ನಾಲ್ವರಲ್ಲಿ ಒಬ್ಬ ಉಳಿದ ಮೂವರ ಕುದುರೆಗಳನ್ನೂ ಹಿಡಿದುಕೊಂಡು ಹಿಂದೆ ನಿಲ್ಲಬೇಕು. ಗುಂಡು ಹಾರಿಸುವ ಸಾಲಿನಲ್ಲಿ ಉಳಿಯುವುದು 12 ಬೇಸ್ ಮಾತ್ರ. ಇವರ ಕೈಯಲ್ಲಿ ಏಳು ಗುಂಡಿನ ಸ್ಪೆನ್ಸರ್ ಬಂದೂಕು ಇತ್ತು ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಅದು ತಪ್ಪು. ಬ್ಯೂಫರ್ಡ್‌ನ ಜನರ ಹತ್ತಿರ ಇದ್ದದ್ದು ಹಿಂಬದಿಯಿಂದ ಗುಂಡು ತುಂಬುವ, ಒಂದೊಂದೇ ಗುಂಡಿನ ಕಾರ್ಬೈನ್. ಬೇಗ ಹಾರಿಸಬಹುದು, ಆದರೆ ಕಾಲಾಳುಗಳ ಉದ್ದ ಬಂದೂಕಿನಷ್ಟು ದೂರ ಹೋಗುವುದಿಲ್ಲ. ಆಟದಲ್ಲಿ ಇವರಿಗೆ ದಾಳ ಒಂದು ಜಾಸ್ತಿ ಕೊಡಿ, ದೂರ ಕಡಿಮೆ ಮಾಡಿ.

ಸಮಯದ ವಿಷಯ ಸ್ವಲ್ಪ ಕಷ್ಟ. ಒಂದು ಸರದಿಗೆ 15 ನಿಮಿಷ ಅಂತ ಇಟ್ಟರೆ, ನಿಮಿಷಕ್ಕೆ 80 ಗಜದಂತೆ ನಡೆಯುವ ಕಾಲಾಳು 1,200 ಗಜ ಹೋಗಬೇಕು. ಅದು 24 ಇಂಚು, ಮೇಜಿನ ಮೂರನೇ ಒಂದು ಭಾಗ, ಒಂದೇ ಸರದಿಯಲ್ಲಿ! ನಿಜವಾಗಿ ಹಾಗೆ ನಡೆಯಲೇ ಇಲ್ಲ. ಬೆಳಗ್ಗೆ ಸುಮಾರು ಏಳೂವರೆಗೆ ಮೊದಲ ಗುಂಡು ಹಾರಿದ ಮೇಲೆ ಹೆತ್‌ನ ಜನ ಎರಡು ಮೈಲಿಯ ಆಸುಪಾಸು ಬರುವುದಕ್ಕೆ ಎರಡು ಗಂಟೆಗೂ ಜಾಸ್ತಿ ಹಿಡಿಯಿತು. ರಸ್ತೆಯಿಂದ ಇಳಿದು ಸಾಲು ಕಟ್ಟಬೇಕು, ಮುಂದೆ ಸಣ್ಣ ಗುಂಪುಗಳನ್ನು ಕಳಿಸಬೇಕು, ಬೇಲಿ ಕಿತ್ತು ಹಾಕಬೇಕು, ಆಜ್ಞೆ ಬರುವವರೆಗೆ ಕಾಯಬೇಕು. ಯುದ್ಧದಲ್ಲಿ ಜಾಸ್ತಿ ಹೊತ್ತು ಹೋಗುವುದು ಇವುಗಳಿಗೇ. ಅದಕ್ಕೆ ನಾನು ಸಾಲಿನಲ್ಲಿ ನಡೆಯುವವರಿಗೆ ಆರು ಇಂಚು, ರಸ್ತೆಯಲ್ಲಿ ಸಾಗುವವರಿಗೆ ಹನ್ನೆರಡು ಇಂಚು ಕೊಡುತ್ತೇನೆ. ಪ್ರತಿ ಬ್ರಿಗೇಡ್ ಹೊರಡುವ ಮುಂಚೆ ಆಜ್ಞೆ ತಲುಪಿತೋ ಇಲ್ಲವೋ ಅಂತ ದಾಳ ಹಾಕಿಸುತ್ತೇನೆ. ಡೇವಿಸ್ ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್‌ನ ಅಣ್ಣನ ಮಗ, ಬ್ರಿಗೇಡ್ ನಡೆಸುವ ಅನುಭವ ಕಡಿಮೆ. ಅವನ ದಾಳಕ್ಕೆ ಒಂದು ಕಳೆಯಿರಿ.

ಆಟವನ್ನು ಒಂಬತ್ತು ಗಂಟೆಯಿಂದ ಶುರು ಮಾಡಿ. ರೇನಾಲ್ಡ್ಸ್‌ನ ಕಾಲಾಳುಗಳು ಬಂದದ್ದು ಹತ್ತರ ಆಸುಪಾಸಿನಲ್ಲಿ. ಆದರೆ ಹತ್ತಕ್ಕೇ ಬರುತ್ತಾರೆ ಅಂತ ಗೊತ್ತಿದ್ದರೆ ಬ್ಯೂಫರ್ಡ್ ಆಡುವವನಿಗೆ ಆತಂಕವೇ ಇರುವುದಿಲ್ಲ, ಅಲ್ವಾ? ನಾಲ್ಕನೇ ಸರದಿಯಲ್ಲಿ ದಾಳದಲ್ಲಿ ಐದು ಅಥವಾ ಆರು ಬಿದ್ದರೆ ಬಂದರು. ಐದನೇ ಸರದಿಯಲ್ಲಿ ನಾಲ್ಕು ಬಿದ್ದರೂ ಸಾಕು, ಆರನೆಯದರಲ್ಲಿ ಮೂರು. ರೇನಾಲ್ಡ್ಸ್‌ಗೂ ಒಂದು ನಿಯಮ ಬೇಕು. ಅವನು ಒಂದು ಬ್ರಿಗೇಡ್‌ನ ಮುಂದೆ ನಿಂತರೆ ಅದಕ್ಕೆ ಬಲ ಜಾಸ್ತಿ, ಆದರೆ ಗುಂಡು ತಗುಲಿತೇ ಅಂತ ಪ್ರತಿ ಸರದಿ ನೋಡಬೇಕು. ಅವತ್ತು ಅವನು ಐರನ್ ಬ್ರಿಗೇಡನ್ನು ಹರ್ಬ್ಸ್ಟ್ ತೋಪಿಗೆ ನುಗ್ಗಿಸುತ್ತಿರುವಾಗಲೇ ಕುದುರೆಯ ಮೇಲೆ ಗುಂಡು ತಿಂದು ಸತ್ತ.

ಇಷ್ಟೆಲ್ಲ ಮಾಡಿದರೂ ಅಂಪೈರ್ ಇಲ್ಲದಿದ್ದರೆ ಅರ್ಧ ಆಟ ವ್ಯರ್ಥ. ಇದು ನನ್ನ ಹೊಸ ಉಪಾಯವಲ್ಲ. 1824ರಲ್ಲಿ ಪ್ರಷ್ಯಾದ ಸೇನೆ ರೈಸ್‌ವಿಟ್ಸ್ ಎಂಬ ಅಧಿಕಾರಿ ರೂಪಿಸಿದ ಯುದ್ಧದಾಟವನ್ನು ಒಪ್ಪಿಕೊಂಡಾಗಲೇ ಅದರಲ್ಲಿ ಅಂಪೈರ್ ಇದ್ದ, ಎದುರಾಳಿ ಕಾಣುವ ತನಕ ಅವನ ತುಂಡುಗಳನ್ನು ನಕ್ಷೆಯ ಮೇಲೆ ಇಡುತ್ತಿರಲಿಲ್ಲ. ಬ್ಯೂಫರ್ಡ್ ಆಡುವವನಿಗೆ ಬರೀ ರಟ್ಟಿನ ತುಂಡುಗಳನ್ನು ಕೊಡಿ, ಅದರಲ್ಲಿ ಅರ್ಧ ಖಾಲಿ ಇರಲಿ. ಹೆತ್ ಹತ್ತಿರ ಬಂದು ಗುಂಡು ಹಾರಿಸಿದಾಗ ಮಾತ್ರ ಯಾವುದು ನಿಜ ಅಂತ ಗೊತ್ತಾಗಬೇಕು. ಬ್ಯೂಫರ್ಡ್‌ನ ಆರು ಫಿರಂಗಿಗಳನ್ನು ಅವತ್ತೂ ಎರಡೆರಡಾಗಿ ದೂರ ದೂರ ಇಟ್ಟಿದ್ದರು, ಎದುರಿನವರ ಕಣ್ಣಿಗೆ ಜಾಸ್ತಿ ಕಾಣಲಿ ಅಂತ.

ಅಂಪೈರ್‌ನ ಅತಿ ದೊಡ್ಡ ಗುಟ್ಟು ರೈಲು ಕಾಲುವೆ. ರಸ್ತೆಯ ಉತ್ತರಕ್ಕೆ, ಅದಕ್ಕೆ ಸಮಾನಾಂತರವಾಗಿ, ಹಳಿ ಇನ್ನೂ ಹಾಕಿರದ ರೈಲು ದಾರಿ ಇತ್ತು. ದಿಣ್ಣೆ ಬಂದ ಕಡೆ ನೆಲವನ್ನು ಅಗೆದು ದಾರಿ ಮಾಡಿದ್ದರು. ಡೇವಿಸ್‌ನ ಜನ ಗುಂಡಿನಿಂದ ತಪ್ಪಿಸಿಕೊಳ್ಳಲು ಅದರೊಳಗೆ ಇಳಿದರು. ಕೆಲವು ಕಡೆ ಅದು ಎಷ್ಟು ಆಳ ಅಂದರೆ ಒಳಗಿದ್ದವರಿಗೆ ಹೊರಗೆ ಗುರಿ ಇಡಲು ಆಗಲಿಲ್ಲ. ಒಕ್ಕೂಟದ ರೂಫಸ್ ಡಾಸ್‌ನ 6ನೇ ವಿಸ್ಕಾನ್ಸಿನ್ ರೆಜಿಮೆಂಟ್ (ಬ್ರಿಗೇಡ್‌ನ ಒಂದು ಭಾಗ), ನ್ಯೂಯಾರ್ಕ್‌ನ ಎರಡು ರೆಜಿಮೆಂಟ್‌ಗಳ ಜೊತೆ ಓಡಿಬಂದು ಅಂಚಿನ ಮೇಲೆ ನಿಂತಿತು. ಡೇವಿಸ್‌ನ 2ನೇ ಮಿಸಿಸಿಪ್ಪಿ ರೆಜಿಮೆಂಟ್‌ನ ಇನ್ನೂರಕ್ಕೂ ಜಾಸ್ತಿ ಜನ ಅಲ್ಲೇ ಶರಣಾದರು. ಮೇಜಿನ ಮೇಲೆ ಆಳವನ್ನು ಮಾಡಿ ತೋರಿಸಿದರೆ ಯಾರೂ ಇಳಿಯುವುದಿಲ್ಲ. ಕಂದು ಬಟ್ಟೆಯ ಪಟ್ಟಿ ಹಾಕಿ, ಆಳ ಎಷ್ಟು ಅನ್ನುವುದು ಅಂಪೈರ್‌ನ ಚೀಟಿಯಲ್ಲಿರಲಿ. ಯಾವ ರೆಜಿಮೆಂಟ್ ಇಳಿಯುತ್ತದೋ ಅದರವನಿಗೆ ಮಾತ್ರ ಚೀಟಿ ತೋರಿಸಿ.

ನಮ್ಮವರು ಕೇಳುವ ಇನ್ನೊಂದು ಮಾತು, ತಾಳಿಕೋಟೆ ಯಾಕೆ ಆಡಬಾರದು ಅಂತ. ಆಡಬಹುದು, ಆದರೆ ತಯಾರಿ ಬೇರೆ ಥರ. ಅಮೆರಿಕದ ಅಂತರ್ಯುದ್ಧದ ಸರಕಾರಿ ದಾಖಲೆಗಳು 128 ಸಂಪುಟಗಳಲ್ಲಿ ಅಚ್ಚಾಗಿವೆ, ಅಧಿಕಾರಿಗಳು ಬರೆದ ವರದಿಗಳು ಅಲ್ಲಿ ಸಿಗುತ್ತವೆ. ಜಾನ್ ಬ್ಯಾಚೆಲ್ಡರ್ ಎಂಬಾತ ಯುದ್ಧ ಮುಗಿದ ಕೆಲವೇ ದಿನಕ್ಕೆ ಅಲ್ಲಿಗೆ ಹೋಗಿ, ಗಾಯಾಳುಗಳನ್ನೂ ಮಾತಾಡಿಸಿ ನಕ್ಷೆ ಬರೆದ. 1565ರ ಯುದ್ಧಕ್ಕೆ ಬಂದರೆ ಜಾಗದ ಬಗ್ಗೆ, ಸೈನಿಕರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲೇ ಒಮ್ಮತ ಇಲ್ಲ. ಅಲ್ಲಿ ನೂರು ಜನಕ್ಕೆ ಒಂದು ಬೇಸ್ ಅಂತ ಎಣಿಸುತ್ತಾ ಕೂರುವುದಕ್ಕೆ ಅರ್ಥವಿಲ್ಲ.

ದಕ್ಷಿಣದವರ ಪರ ಆಡುವುದು ಸರಿಯಾ ಅಂತಲೂ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ನಾನು ಆಟಕ್ಕೆ ಮುಂಚೆ ಎಲ್ಲರಿಗೂ ಇದನ್ನು ಹೇಳುತ್ತೇನೆ: 1861ರಲ್ಲಿ ಒಕ್ಕೂಟ ಬಿಡುವಾಗ ಮಿಸಿಸಿಪ್ಪಿ ತನ್ನ ನಿಲುವಿಗೆ ಗುಲಾಮಗಿರಿಯೇ ಕಾರಣ ಅಂತ ತಾನೇ ಬರೆದುಕೊಟ್ಟಿತ್ತು. ಪೆನ್ಸಿಲ್ವೇನಿಯಾಕ್ಕೆ ಬಂದ ಲೀಯ ಸೇನೆ ಅಲ್ಲಿದ್ದ ಕಪ್ಪು ಜನರನ್ನು, ಸ್ವತಂತ್ರರಾಗಿದ್ದವರನ್ನೂ ಸೇರಿಸಿ, ಹಿಡಿದು ದಕ್ಷಿಣಕ್ಕೆ ಸಾಗಿಸಿತು. ಇದನ್ನು ಹೇಳದೆ ಬರೀ ಬಾವುಟ, ಶೌರ್ಯ ಅಂತ ಆಡುವುದು ನನಗೆ ಒಪ್ಪಿಗೆಯಿಲ್ಲ. ಹೆತ್‌ನ ಜಾಗದಲ್ಲಿ ಯಾರೋ ಒಬ್ಬರು ಕೂರಲೇಬೇಕು, ಇಲ್ಲದಿದ್ದರೆ ಬ್ಯೂಫರ್ಡ್ ಏನು ತಡೆದ ಅನ್ನುವುದು ತಿಳಿಯುವುದಿಲ್ಲ. ನಮ್ಮಲ್ಲಿ ಎರಡನೇ ಸಲ ಆಡುವಾಗ ಕಡೆ ಬದಲಾಯಿಸುತ್ತೇವೆ.

ಆಟ ಮಧ್ಯಾಹ್ನ ಹನ್ನೆರಡರ ಸುತ್ತ ಮುಗಿಯಲಿ, ಆದರೆ ಕೊನೆಯ ಸರದಿ ಯಾವುದು ಅಂತ ಮೊದಲೇ ಹೇಳಬೇಡಿ. ಗೊತ್ತಾದರೆ ಕೊನೆಯಲ್ಲಿ ಜನ ಸುಮ್ನೆ ಎಲ್ಲರನ್ನೂ ಸಾಯಲು ಕಳಿಸುತ್ತಾರೆ. ಹತ್ತನೇ ಸರದಿಯಿಂದ ಅಂಪೈರ್ ಗುಟ್ಟಾಗಿ ದಾಳ ಹಾಕಲಿ, ಆರು ಬಿದ್ದರೆ ನಿಲ್ಲಿಸಲಿ. ಹದಿಮೂರು ದಾಟುವುದು ಬೇಡ. ಮಧ್ಯಾಹ್ನದ ಕಾಳಗವೂ ಬೇಕು ಅನ್ನುವವರು ಮೇಜನ್ನು ಉತ್ತರಕ್ಕೆ ಇನ್ನೆರಡು ಅಡಿ ಹಿಗ್ಗಿಸಿ. ದಕ್ಷಿಣದವರ ರೋಡ್ಸ್‌ನ ಡಿವಿಷನ್ (ಹಲವು ಬ್ರಿಗೇಡ್‌ಗಳ ಪಡೆ) ಬರುವುದು ಆ ಕಡೆಯ ಓಕ್ ಗುಡ್ಡದಿಂದ.